ತಿರುಳು ತೆರೆದುಕೊಂಡ ಹಲ್ಲನ್ನು ಜೀವಂತವಾಗಿ ಉಳಿಸುವುದು: ಹಂತ ಹಂತದ ಮಾರ್ಗದರ್ಶಿ

ಆಳವಾದ ಹುಳುಕನ್ನು ಕೊರೆದು ತೆಗೆಯುವಾಗ ಗುಳಿಯ ತಳದಲ್ಲಿ ಅರ್ಧ ಮಿಲಿಮೀಟರಿನಷ್ಟು ಕೆಂಪು ಚುಕ್ಕೆ ಇಣುಕುವುದುಂಟು. ಹಲ್ಲಿನ ತಿರುಳು, ಅಂದರೆ ಪಲ್ಪ್, ತೆರೆದುಕೊಂಡಿತು ಎಂದರ್ಥ. ಮಗು ಬಿದ್ದು ಮುಂದಿನ ಹಲ್ಲು ಮುರಿದುಕೊಂಡಾಗಲೂ ಇದೇ ಚುಕ್ಕೆ ಕಾಣುತ್ತದೆ. ಅದು ಕಂಡ ಕೂಡಲೇ ರೂಟ್ ಕೆನಾಲ್ ಎಂದು ತೀರ್ಮಾನಿಸುವ ರೂಢಿ ಇನ್ನೂ ಇದೆ. ಆದರೆ ತಿರುಳು ಬದುಕಿದ್ದು, ಗಾಯ ಸ್ವಚ್ಛವಾಗಿದ್ದು, ಅದರ ಮೇಲೆ ಸೂಕ್ಷ್ಮಜೀವಿ ನುಸುಳದಂತೆ ಮುಚ್ಚಲು ಸಾಧ್ಯವಿದ್ದರೆ, ಹಲ್ಲು ಆ ರಂಧ್ರದ ಮೇಲೆ ತಾನೇ ಹೊಸ ಗಟ್ಟಿ ಪದರ ಕಟ್ಟಿಕೊಳ್ಳುತ್ತದೆ. ಹೇಗೆ ಮುಚ್ಚುತ್ತಾರೆ, ಯಾವಾಗ ಮುಚ್ಚಬಾರದು, ಎಲ್ಲಿ ಕೆಡುತ್ತದೆ ಎಂಬುದನ್ನು ದಂತವೈದ್ಯಕೀಯ ವಿದ್ಯಾರ್ಥಿಗಳಿಗೂ ಕುರ್ಚಿಯಲ್ಲಿ ಬಾಯಿ ತೆರೆದು ಕೂರುವವರಿಗೂ ಉಪಯೋಗವಾಗುವಂತೆ ಇಲ್ಲಿ ಬರೆದಿದ್ದೇವೆ.

ತಿರುಳು ಸಾಯುವುದು ಗಾಳಿ ತಾಗಿ ಅಲ್ಲ

1965ರಲ್ಲಿ ಅಮೆರಿಕದ ಕಾಕೆಹಾಶಿ, ಸ್ಟ್ಯಾನ್ಲಿ ಮತ್ತು ಫಿಟ್ಜ್‌ಜೆರಾಲ್ಡ್ ಒಂದು ಪ್ರಯೋಗ ಪ್ರಕಟಿಸಿದರು. ಇಲಿಗಳ ದವಡೆ ಹಲ್ಲನ್ನು ಕೊರೆದು ತಿರುಳನ್ನು ತೆರೆದು, ಏನನ್ನೂ ಮುಚ್ಚದೆ ಹಾಗೇ ಬಿಟ್ಟರು. ಸಾಮಾನ್ಯ ಇಲಿಗಳಲ್ಲಿ ತಿರುಳು ಕೊಳೆತು ಬೇರಿನ ತುದಿಯಲ್ಲಿ ಕೀವುಗಟ್ಟಿತು. ಹುಟ್ಟಿನಿಂದಲೇ ಸೂಕ್ಷ್ಮಜೀವಿಗಳಿಲ್ಲದ ವಾತಾವರಣದಲ್ಲಿ ಬೆಳೆಸಿದ ಇಲಿಗಳಲ್ಲಿ, ಅನ್ನದ ಕಣಗಳು ರಂಧ್ರದಲ್ಲಿ ತುಂಬಿಕೊಂಡಿದ್ದರೂ, ತಿರುಳು ಬದುಕಿತು. ಗಾಯದ ಕೆಳಗೆ ಹೊಸ ಡೆಂಟಿನ್ (ಎನಾಮಲ್ ಕೆಳಗಿನ ಗಟ್ಟಿ ಪದರ) ಸೇತುವೆ ಮೂಡಿತು. ಮುಂದೆ ಹೇಳುವ ಪ್ರತಿಯೊಂದು ಹಂತವೂ ಈ ಪ್ರಯೋಗ ಕಲಿಸಿದ್ದರ ಮೇಲೆಯೇ ನಿಂತಿದೆ: ಹಲ್ಲಿನ ಶತ್ರು ರಂಧ್ರವಲ್ಲ, ರಂಧ್ರದ ಮೂಲಕ ಒಳಹೋಗುವ ಸೂಕ್ಷ್ಮಜೀವಿ.

ಸತ್ತ ಹಲ್ಲನ್ನೂ ರೂಟ್ ಕೆನಾಲ್ ಮಾಡಿ ವರ್ಷಾನುಗಟ್ಟಲೆ ಉಳಿಸಬಹುದು, ಅದು ಒಳ್ಳೆಯ ಚಿಕಿತ್ಸೆಯೇ. ಆದರೂ ಜೀವಂತ ತಿರುಳಿಗೆ ಅದು ಸಾಟಿಯಲ್ಲ. ತಿರುಳಿರುವ ಹಲ್ಲು ಜೋರಾಗಿ ಕಚ್ಚಿದಾಗ ಎಚ್ಚರಿಸುತ್ತದೆ, ಹೊಸ ಹುಳುಕು ಬಂದರೆ ಒಳಗಿನಿಂದ ಗೋಡೆ ಕಟ್ಟುತ್ತದೆ. ರೂಟ್ ಕೆನಾಲಿಗೆ ಬೇಕಾದ ದಾರಿ ಕೊರೆಯುವಾಗ ಹೋಗುವ ಗಟ್ಟಿ ಭಾಗವೂ ಉಳಿಯುತ್ತದೆ. ಮಕ್ಕಳ ಹೊಸ ಹಲ್ಲಿನಲ್ಲಂತೂ ಬೇರು ಬೆಳೆಯುವುದೇ ತಿರುಳಿನಿಂದ. ಮೇಲಿನ ಮುಂದಿನ ಬಾಚಿ ಹಲ್ಲು 7–8 ವರ್ಷಕ್ಕೆ ಹುಟ್ಟಿದರೂ ಬೇರು ಪೂರ್ಣವಾಗಲು ಇನ್ನೂ ಸುಮಾರು 3 ವರ್ಷ ಬೇಕು. ಆ ನಡುವೆ ತಿರುಳು ಸತ್ತರೆ ಬೇರು ತೆಳುವಾಗಿ, ಗಿಡ್ಡಾಗಿ, ತುದಿ ತೆರೆದುಕೊಂಡೇ ನಿಂತುಬಿಡುತ್ತದೆ.

ಹಂತ 1: ಕೊರೆಯುವ ಮೊದಲೇ ತಿರುಳಿನ ಸ್ಥಿತಿ ತಿಳಿಯುವುದು

ರೋಗಿ ಹೇಳುವ ಮಾತಿನಿಂದ ಆರಂಭ. ತಣ್ಣಗಿನದು, ಸಿಹಿ ತಾಗಿದಾಗ ಜುಂ ಎಂದು ಕೆಲವೇ ಸೆಕೆಂಡಿನಲ್ಲಿ ನಿಂತರೆ ತಿರುಳು ಕೆರಳಿದೆ ಅಷ್ಟೇ, ಚೇತರಿಸಿಕೊಳ್ಳಬಲ್ಲದು. ನೋವು ತಾನಾಗಿ ಎದ್ದು ರಾತ್ರಿ ನಿದ್ದೆ ಕೆಡಿಸಿದರೆ, ಬಿಸಿ ಕಾಫಿಗೆ ಹೆಚ್ಚಾಗಿ, ನಿಮಿಷಗಟ್ಟಲೆ ಉಳಿದರೆ ಉರಿಯೂತ ಒಳಗೆ ಇಳಿದಿದೆ. ಹಿಂದೆ ಈ ಎರಡನೆಯ ಗುಂಪಿನವರಿಗೆಲ್ಲ ರೂಟ್ ಕೆನಾಲ್ ಒಂದೇ ದಾರಿ ಎನ್ನುತ್ತಿದ್ದರು. ಈಗ ಹಾಗಿಲ್ಲ, ಮೇಲಿನ ಭಾಗದ ತಿರುಳು ಕೆಟ್ಟಿದ್ದರೂ ಬೇರಿನೊಳಗಿನದು ಚೆನ್ನಾಗಿರಬಹುದು. ಅಂಥ ಹಲ್ಲಿಗೆ ಬರೀ ರಂಧ್ರ ಮುಚ್ಚುವುದು ಸಾಲದು, ಮೇಲಿನ ಭಾಗದ ತಿರುಳನ್ನೆಲ್ಲ ಕತ್ತರಿಸಿ ತೆಗೆಯುವ ಪೂರ್ಣ ಪಲ್ಪಾಟಮಿ ಬೇಕಾಗಬಹುದು.

ನಂತರ ಶೀತ ಪರೀಕ್ಷೆ. ಶೀತಕ ಸ್ಪ್ರೇಯನ್ನು ಹತ್ತಿಯುಂಡೆಗೆ ಹೊಡೆದು, ಮೊದಲು ಪಕ್ಕದ ಒಳ್ಳೆಯ ಹಲ್ಲಿಗೆ ತಾಗಿಸಬೇಕು, ಆಮೇಲೆ ಕೆಟ್ಟ ಹಲ್ಲಿಗೆ. ಹೋಲಿಕೆಯಿಲ್ಲದ ಪರೀಕ್ಷೆಗೆ ಬೆಲೆಯಿಲ್ಲ. ಏನೂ ತಿಳಿಯದಿದ್ದರೆ ತಿರುಳು ಸತ್ತಿರುವ ಸಾಧ್ಯತೆ ಹೆಚ್ಚು. ಮೆಲ್ಲಗೆ ತಟ್ಟಿ ನೋವಿದೆಯೇ, ವಸಡಿನಲ್ಲಿ ಊತವೋ ಕೀವಿನ ಗುಳ್ಳೆಯೋ ಇದೆಯೇ ಎಂದು ನೋಡಬೇಕು. ಎಕ್ಸ್-ರೇಯಲ್ಲಿ ಹುಳುಕು ಎಷ್ಟು ಆಳ, ಬೇರಿನ ತುದಿಯಲ್ಲಿ ಕಪ್ಪು ನೆರಳಿದೆಯೇ ಎಂಬುದು ಮುಖ್ಯ. ಹಲ್ಲು ಸತ್ತಿದ್ದರೆ, ಕೀವಿನ ಗುಳ್ಳೆಯಿದ್ದರೆ ತಿರುಳು ಉಳಿಸುವ ಮಾತು ಅಲ್ಲಿಗೇ ಮುಗಿಯಿತು. ಇನ್ನೊಂದು ಪ್ರಶ್ನೆಯನ್ನು ಬಹಳ ಜನ ಕೇಳಿಕೊಳ್ಳುವುದಿಲ್ಲ: ಹುಳುಕು ತೆಗೆದ ಮೇಲೆ ಗಟ್ಟಿಯಾಗಿ ಫಿಲ್ಲಿಂಗ್ ಅಥವಾ ಕ್ಯಾಪ್ ಕೂರಿಸುವಷ್ಟು ಹಲ್ಲು ಉಳಿಯುತ್ತದೆಯೇ? ಉಳಿಯದಿದ್ದರೆ ತಿರುಳನ್ನು ಎಷ್ಟೇ ಚೆನ್ನಾಗಿ ಮುಚ್ಚಿದರೂ ವ್ಯರ್ಥ.

ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಈಗಲೇ ಹೇಳಿಬಿಡಬೇಕು, ಆದರೆ ತಾವಾಗಿ ನಿಲ್ಲಿಸಬಾರದು. ಮುಂದಿನ ಹಂತಗಳಲ್ಲಿ ರಕ್ತ ಹೇಗೆ ನಿಲ್ಲುತ್ತದೆ ಎಂಬುದರ ಮೇಲೆಯೇ ತೀರ್ಮಾನ ನಿಂತಿದೆ.

ಹಂತ 2: ಮರಗಟ್ಟಿಸಿ, ರಬ್ಬರ್ ಡ್ಯಾಮ್ ಕಟ್ಟುವುದು

ಸಾಮಾನ್ಯವಾಗಿ 2% ಲಿಗ್ನೋಕೇಯ್ನ್ ಜೊತೆ ಅಡ್ರಿನಲಿನ್ ಇರುವ ಇಂಜೆಕ್ಷನ್ ಕೊಡುತ್ತಾರೆ. ಅಡ್ರಿನಲಿನ್ ರಕ್ತನಾಳವನ್ನು ಬಿಗಿಸುವುದರಿಂದ ಉರಿಯೂತವಿದ್ದ ತಿರುಳೂ ಕಡಿಮೆ ರಕ್ತ ಸುರಿಸಿ ಚೆನ್ನಾಗಿರುವಂತೆ ತೋರಬಹುದು. ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದೆ ರಕ್ತವನ್ನು ಓದಬೇಕು.

ರಬ್ಬರ್ ಡ್ಯಾಮ್ ಎಂದರೆ ತೆಳು ರಬ್ಬರಿನ ಹಾಳೆ. ಅದರಲ್ಲಿ ತೂತು ಮಾಡಿ ಬೇಕಾದ ಹಲ್ಲನ್ನಷ್ಟೇ ಹೊರಗೆಳೆದು ಕ್ಲ್ಯಾಂಪಿನಿಂದ ಹಿಡಿಸುತ್ತಾರೆ. ಎಂಜಲು ಗಾಯಕ್ಕೆ ತಾಗದಂತೆ ತಡೆಯುವ ಏಕೈಕ ನಂಬುವಂಥ ಉಪಾಯ ಇದು. ಕೆನ್ನೆಗೆ ಹತ್ತಿ ತುರುಕಿದರೆ ಸಾಕೆಂಬುದನ್ನು ನಾವು ಒಪ್ಪುವುದಿಲ್ಲ. ತಿರುಳು ತೆರೆದ ಮೇಲೆ ಗಡಿಬಿಡಿಯಲ್ಲಿ ಕಟ್ಟುವುದಲ್ಲ, ಆಳದ ಹುಳುಕು ಎಂದು ಎಕ್ಸ್-ರೇ ಹೇಳಿದ ಕ್ಷಣವೇ, ಕೊರೆಯುವ ಮೊದಲು ಕಟ್ಟಬೇಕು. ರೋಗಿಯಾಗಿ ನೀವು ಕೇಳಬಹುದಾದ ಅತ್ಯಂತ ಉಪಯುಕ್ತ ಪ್ರಶ್ನೆಯೂ ಇದೇ: 'ಡಾಕ್ಟ್ರೇ, ರಬ್ಬರ್ ಡ್ಯಾಮ್ ಹಾಕ್ತೀರಾ?'

ಹಂತ 3: ಹುಳುಕು ತೆಗೆಯುವ ಕ್ರಮ

ಸುತ್ತಲಿನ ಗೋಡೆಗಳಿಂದ ಆರಂಭಿಸಿ, ತಿರುಳಿನ ಮೇಲಿನ ಭಾಗವನ್ನು ಕೊನೆಗೆ ಮುಟ್ಟಬೇಕು. ಆಗ ತಿರುಳು ತೆರೆದುಕೊಂಡರೂ ಸುತ್ತ ಸೋಂಕಿನ ಪುಡಿ ಇರುವುದಿಲ್ಲ. ತಿರುಳಿನ ಹತ್ತಿರ ಬಂದಾಗ ಹೊಸ, ಶುದ್ಧೀಕರಿಸಿದ ಬರ್ (ಕೊರೆಯುವ ಮೊನೆ) ಹಾಕಿಕೊಳ್ಳಬೇಕು; ಕೊಳಕಿನಲ್ಲಿ ಓಡಿದ ಬರ್‌ನಿಂದಲೇ ತಿರುಳನ್ನು ಚುಚ್ಚಿದರೆ ಸೋಂಕನ್ನು ಕೈಯಾರೆ ಒಳಗೆ ತಳ್ಳಿದಂತೆ.

ಇಲ್ಲಿ ಎರಡು ಪಂಥಗಳಿವೆ. ಯೂರೋಪಿನ ಎಂಡೊಡಾಂಟಿಕ್ (ತಿರುಳು ಮತ್ತು ಬೇರಿನ ಚಿಕಿತ್ಸೆಯ) ಸಂಘ 2019ರ ನಿಲುವಿನಲ್ಲಿ, ಹುಳುಕು ಆಳವಾಗಿದ್ದರೂ ತಿರುಳಿಗೂ ಅದಕ್ಕೂ ನಡುವೆ ಗಟ್ಟಿ ಡೆಂಟಿನ್ ಉಳಿದಿದ್ದರೆ, ತಿರುಳಿನ ಮೇಲೆ ಮೆತ್ತಗಿನ ಪದರ ಸ್ವಲ್ಪ ಬಿಟ್ಟು, ಅಂಚುಗಳನ್ನು ಮಾತ್ರ ಪೂರ್ತಿ ಸ್ವಚ್ಛಮಾಡಿ ಮುಚ್ಚಿಬಿಡಿ, ತಿರುಳನ್ನು ತೆರೆಯಲೇಬೇಡಿ ಎನ್ನುತ್ತದೆ. ಅಮೆರಿಕದ ಎಂಡೊಡಾಂಟಿಸ್ಟರ ಸಂಘ 2021ರಲ್ಲಿ, ಸೋಂಕಿತ ಡೆಂಟಿನನ್ನು ಪೂರ್ತಿ ತೆಗೆದು ತಿರುಳನ್ನು ಕಣ್ಣಾರೆ ನೋಡಿ ತೀರ್ಮಾನಿಸುವುದೇ ಮೇಲು ಎಂದಿತು. ನಮ್ಮ ಅಭಿಪ್ರಾಯ: ರಬ್ಬರ್ ಡ್ಯಾಮ್, ಲೂಪ್ (ಕಣ್ಣಿಗೆ ಹಾಕುವ ಭೂತಗನ್ನಡಿ) ಅಥವಾ ಮೈಕ್ರೋಸ್ಕೋಪ್, ರಂಧ್ರ ಮುಚ್ಚಲು ಒಳ್ಳೆಯ ಸಿಮೆಂಟ್ ಮೂರೂ ಕೈಲಿಲ್ಲದ ಕಡೆ ತಿರುಳನ್ನು ತೆರೆಯದಿರುವುದೇ ಕ್ಷೇಮ. ಇವು ಇದ್ದು, ನೋವಿನ ಲಕ್ಷಣಗಳು ಗಟ್ಟಿಯಾಗಿದ್ದರೆ ತೆರೆದು ನೋಡುವುದು ಸರಿ.

ಹಂತ 4: ರಕ್ತವನ್ನು ಓದುವುದು

ಇಡೀ ಚಿಕಿತ್ಸೆಯಲ್ಲಿ ನಿಧಾನಿಸಬೇಕಾದ ಜಾಗ ಇದು. ರೋಗಿ ಹೇಳಿದ ನೋವು, ಶೀತ ಪರೀಕ್ಷೆ, ಎಕ್ಸ್-ರೇ ಎಲ್ಲವೂ ಊಹೆಯ ಸಾಧನಗಳು. ತೆರೆದ ತಿರುಳಿನಿಂದ ಬರುವ ರಕ್ತ ನೇರ ಸಾಕ್ಷಿ.

ಮೊದಲು ಸಲೈನಿನಿಂದ ಮೆಲ್ಲಗೆ ತೊಳೆದು ನೋಡಿ. ತಿಳಿಗೆಂಪು ರಕ್ತ ಹನಿದು ನಿಲ್ಲುವ ಲಕ್ಷಣ ತೋರಿದರೆ ಒಳ್ಳೆಯದು. ಕಡುಗೆಂಪಾಗಿ ಒಂದೇ ಸಮನೆ ಉಕ್ಕುತ್ತಿದ್ದರೆ ಉರಿಯೂತ ಆಳದಲ್ಲಿದೆ. ರಕ್ತವೇ ಬಾರದೆ ಬೂದಿ ಬಣ್ಣದ ತಿರುಳು ಕಂಡರೆ ಆ ಭಾಗ ಸತ್ತಿದೆ. ಕೀವು ಕಂಡರೆ ಮುಚ್ಚುವ ಪ್ರಶ್ನೆಯೇ ಇಲ್ಲ.

ಆಮೇಲೆ ಹತ್ತಿಯುಂಡೆಯನ್ನು ಸೋಡಿಯಂ ಹೈಪೊಕ್ಲೋರೈಟ್ ದ್ರಾವಣದಲ್ಲಿ ಅದ್ದಿ, ಹಿಂಡಿ, ಗಾಯದ ಮೇಲೆ ಹಗುರವಾಗಿ ಇಡಬೇಕು. ದ್ರಾವಣ 1.5ರಿಂದ 6% ನಡುವೆ ಇರಬಹುದು, 2.5–3% ಸಾಮಾನ್ಯ ಬಳಕೆ. ಅದು ರಕ್ತ ನಿಲ್ಲಿಸುವುದರ ಜೊತೆಗೆ ಗಾಯದ ಮೇಲಿನ ಸೂಕ್ಷ್ಮಜೀವಿಗಳನ್ನೂ ಕೊಲ್ಲುತ್ತದೆ, ಡೆಂಟಿನ್ ಪುಡಿ ಮತ್ತು ಹೆಪ್ಪನ್ನೂ ತೆಗೆಯುತ್ತದೆ. ಒಣ ಹತ್ತಿ ಇಡಬಾರದು. ಎಳೆಗಳು ಹೆಪ್ಪಿಗೆ ಅಂಟಿ, ತೆಗೆಯುವಾಗ ಮತ್ತೆ ರಕ್ತ ಒಡೆಯುತ್ತದೆ. ಸುಮಾರು 5 ನಿಮಿಷದಲ್ಲಿ ನಿಂತರೆ ರಂಧ್ರದ ಮೇಲೆಯೇ ಮುಚ್ಚಬಹುದು. ಇದು ನೇರ ಪಲ್ಪ್ ಕ್ಯಾಪಿಂಗ್. ನಿಲ್ಲದಿದ್ದರೆ ಇನ್ನಷ್ಟು ಒತ್ತಿ ಹಿಡಿಯುವುದು ಉತ್ತರವಲ್ಲ. ಕೆಟ್ಟ ತಿರುಳು ಇನ್ನೂ ಅಲ್ಲೇ ಇದೆ, ಅದನ್ನು ಕತ್ತರಿಸಬೇಕು.

ರಕ್ತ ಬೇಗ ನಿಲ್ಲಲೆಂದು ಫೆರಿಕ್ ಸಲ್ಫೇಟ್ ಹಚ್ಚುವುದುಂಟು. ದೊಡ್ಡವರ ಹಲ್ಲಿಗೆ ಇದು ಸಲ್ಲದು. ಎಂಥ ತಿರುಳಿನ ರಕ್ತವನ್ನೂ ಅದು ರಾಸಾಯನಿಕವಾಗಿ ಕಟ್ಟಿಬಿಡುವುದರಿಂದ ಇದ್ದ ಒಂದೇ ಸಾಕ್ಷಿ ಅಳಿಸಿಹೋಗುತ್ತದೆ.

ಹಂತ 5: ಎಷ್ಟು ಕತ್ತರಿಸಬೇಕು

ಭಾಗಶಃ ಪಲ್ಪಾಟಮಿಯಲ್ಲಿ ರಂಧ್ರದ ಕೆಳಗಿನ ತಿರುಳನ್ನು 2–3 ಮಿಲಿಮೀಟರ್ ಆಳಕ್ಕೆ ತೆಗೆಯುತ್ತಾರೆ. ಇದಕ್ಕೆ ಹೈ-ಸ್ಪೀಡ್ ಹ್ಯಾಂಡ್‌ಪೀಸಿನಲ್ಲಿ ಹೊಸ ಡೈಮಂಡ್ ಬರ್, ಧಾರಾಳ ನೀರು, ಹಗುರವಾದ ಕೈ ಬೇಕು. ಡೈಮಂಡ್ ಬರ್ ತಿರುಳನ್ನು ನಯವಾಗಿ ಕೊಯ್ಯುತ್ತದೆ. ನಿಧಾನವಾಗಿ ತಿರುಗುವ ಸ್ಟೀಲ್ ಬರ್ ಅಥವಾ ಎಕ್ಸ್‌ಕವೇಟರ್ ಚಮಚ ತಿರುಳನ್ನು ಎಳೆದು ಹರಿಯುತ್ತದೆ, ಉಳಿದದ್ದೂ ಬುಡದಿಂದ ಸಡಿಲವಾಗುತ್ತದೆ. ನೀರು ಕಡಿಮೆಯಾದರೆ ಗಾಯ ಸುಡುತ್ತದೆ. ಕೊಯ್ದ ಮೇಲೆ ಮತ್ತೆ ತೊಳೆದು, ಮತ್ತೆ ಹೈಪೊಕ್ಲೋರೈಟ್ ಹತ್ತಿ, ಮತ್ತೆ ಗಡಿಯಾರ.

ಆಗಲೂ ನಿಲ್ಲದಿದ್ದರೆ ಪೂರ್ಣ ಪಲ್ಪಾಟಮಿ. ತಿರುಳಿರುವ ಕೋಣೆಯ ಮೇಲ್ಛಾವಣಿಯನ್ನು ಪೂರ್ತಿ ತೆಗೆದು, ಒಳಗಿನ ತಿರುಳನ್ನೆಲ್ಲ ಬೇರುನಾಳಗಳ ಬಾಯಿಯವರೆಗೆ ತೆಗೆಯಬೇಕು. ದವಡೆ ಹಲ್ಲಿನಲ್ಲಿ ಮೂರು ನಾಲ್ಕು ನಾಳಗಳ ಬಾಯಿ ಕಾಣುತ್ತದೆ. ಒಂದೊಂದನ್ನೂ ಬೇರೆಯಾಗಿ ನೋಡಬೇಕು. ಛಾವಣಿಯ ಮೂಲೆಯಡಿ ಒಂದು ಎಳೆ ತಿರುಳು ಉಳಿದಿದ್ದರೂ ರಕ್ತ ಜಿನುಗುತ್ತಲೇ ಇರುತ್ತದೆ, ನಾಳವೇ ಕೆಟ್ಟಿದೆ ಎಂಬ ತಪ್ಪು ತೀರ್ಮಾನಕ್ಕೆ ಕಾರಣವಾಗುತ್ತದೆ. ಎಲ್ಲ ಸ್ವಚ್ಛವಾದ ಮೇಲೂ 10 ನಿಮಿಷದಲ್ಲಿ ರಕ್ತ ನಿಲ್ಲದಿದ್ದರೆ ರೂಟ್ ಕೆನಾಲಿಗೆ ತಿರುಗುವುದೇ ಸರಿ. ಹಟ ಹಿಡಿದು ಮುಚ್ಚಿದರೆ ಕೆಲವೇ ದಿನಗಳಲ್ಲಿ ರೋಗಿ ನೋವಿನಿಂದ ವಾಪಸ್ ಬರುತ್ತಾರೆ.

ಚಿಕಿತ್ಸೆ ಆರಂಭವಾಗುವ ಮೊದಲೇ ಈ ನಾಲ್ಕೂ ಸಾಧ್ಯತೆಗಳನ್ನು (ನೇರ ಕ್ಯಾಪಿಂಗ್, ಭಾಗಶಃ ಪಲ್ಪಾಟಮಿ, ಪೂರ್ಣ ಪಲ್ಪಾಟಮಿ, ರೂಟ್ ಕೆನಾಲ್), ಅವುಗಳ ಖರ್ಚಿನೊಂದಿಗೆ, ರೋಗಿಗೆ ಹೇಳಿ ಒಪ್ಪಿಗೆ ಪಡೆದಿರಬೇಕು. ಬಾಯಿಗೆ ರಬ್ಬರ್ ಕಟ್ಟಿದ ಮೇಲೆ ಚರ್ಚೆ ನಡೆಯುವುದಿಲ್ಲ.

ಹಂತ 6: ಮುಚ್ಚುವ ವಸ್ತು

ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು 1920ರಲ್ಲಿ ಜರ್ಮನಿಯ ಹರ್ಮನ್ ದಂತಚಿಕಿತ್ಸೆಗೆ ತಂದರು. ಅದರ ತೀವ್ರ ಕ್ಷಾರಗುಣ ಸೂಕ್ಷ್ಮಜೀವಿಗಳನ್ನು ಕೊಂದು, ತಿರುಳು ಗಟ್ಟಿ ಪದರ ಕಟ್ಟುವಂತೆ ಕೆರಳಿಸುತ್ತದೆ. ಆದರೆ ಅದು ಹಲ್ಲಿಗೆ ಅಂಟುವುದಿಲ್ಲ, ಕಾಲಕ್ರಮೇಣ ಕರಗುತ್ತದೆ, ಅದರ ಕೆಳಗೆ ಮೂಡುವ ಸೇತುವೆಯಲ್ಲಿ ಸುರಂಗದಂಥ ಸಣ್ಣ ತೂತುಗಳು ಉಳಿಯುತ್ತವೆ.

ಕ್ಯಾಲಿಫೋರ್ನಿಯದ ಲೋಮಾ ಲಿಂಡಾ ವಿಶ್ವವಿದ್ಯಾಲಯದಲ್ಲಿ ಮಹಮೂದ್ ತೊರಾಬಿನೆಜಾದ್ ಮತ್ತು ಸಂಗಡಿಗರು 1990ರ ದಶಕದಲ್ಲಿ ರೂಪಿಸಿದ ಎಂಟಿಎ (ಮಿನರಲ್ ಟ್ರೈಆಕ್ಸೈಡ್ ಅಗ್ರಿಗೇಟ್) ಈ ಕೊರತೆ ನೀಗಿತು. ಇದು ಶುದ್ಧೀಕರಿಸಿದ ಕ್ಯಾಲ್ಸಿಯಂ ಸಿಲಿಕೇಟ್ ಸಿಮೆಂಟ್. ತೇವದಲ್ಲೇ ಗಟ್ಟಿಯಾಗುತ್ತದೆ, ಅಂಚಿನಲ್ಲಿ ಬಿಗಿಯಾಗಿ ಕೂರುತ್ತದೆ. ಮನೆ ಕಟ್ಟುವ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಕುಟುಂಬದ್ದೇ ಆದರೂ ಅಂಗಡಿಯ ಸಿಮೆಂಟನ್ನು ಯಾರೂ ಬಾಯಿಯೊಳಗೆ ಪ್ರಯೋಗಿಸಬಾರದು, ಅದರ ಶುದ್ಧತೆಗೆ ಯಾವ ಖಾತರಿಯೂ ಇಲ್ಲ. ಅಮೆರಿಕದ ವಾಯವ್ಯ ಭಾಗದ ಸಾಮಾನ್ಯ ಕ್ಲಿನಿಕ್‌ಗಳಲ್ಲಿ ನೇರ ಪಲ್ಪ್ ಕ್ಯಾಪಿಂಗ್ ಹೋಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 2 ವರ್ಷದ ಹೊತ್ತಿಗೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಹಾಕಿದವುಗಳಲ್ಲಿ 31.5%, ಎಂಟಿಎ ಹಾಕಿದವುಗಳಲ್ಲಿ 19.7% ವಿಫಲವಾಗಿದ್ದವು. ಒಳ್ಳೆಯ ವಸ್ತುವಿನಲ್ಲೂ ಐದರಲ್ಲಿ ಒಂದು ಸೋತಿದೆ ಎಂಬುದನ್ನು ರೋಗಿಗೆ ಮುಚ್ಚಿಡಬಾರದು.

ಎಂಟಿಎ ಕಲಸುವಾಗ 3 ಭಾಗ ಪುಡಿಗೆ 1 ಭಾಗ ಶುದ್ಧ ನೀರು. ಹದ ಒದ್ದೆ ಮರಳಿನಂತಿರಬೇಕು. ನೀರು ಹೆಚ್ಚಾದರೆ ಹರಿಯುತ್ತದೆ, ಕಡಿಮೆಯಾದರೆ ಪುಡಿಪುಡಿಯಾಗಿ ಉದುರುತ್ತದೆ. ಸಣ್ಣ ಕ್ಯಾರಿಯರಿನಲ್ಲಿ ತಂದು ಗಾಯದ ಮೇಲೆ ಬಿಟ್ಟು, ಒದ್ದೆ ಹತ್ತಿಯಿಂದ ಮೆಲ್ಲಗೆ ತಟ್ಟಿ ಕೂರಿಸಬೇಕು. ಒತ್ತಿದರೆ ತಿರುಳಿನೊಳಗೆ ಇಳಿಯುತ್ತದೆ. ದಪ್ಪ ಕನಿಷ್ಠ 1.5, ಸಾಧ್ಯವಾದರೆ 2–3 ಮಿಲಿಮೀಟರ್. ಸುತ್ತಲಿನ ಗೋಡೆಗೆ ಹತ್ತಿದ್ದನ್ನು ಒರೆಸಿ ತೆಗೆಯದಿದ್ದರೆ ಫಿಲ್ಲಿಂಗ್ ಅಂಟುವುದಿಲ್ಲ. ಇಡುವ ಮೊದಲು ಗಾಯದ ಮೇಲೆ ಹೆಪ್ಪು ಇರಕೂಡದು. ಸಿಮೆಂಟಿಗೂ ತಿರುಳಿಗೂ ನಡುವೆ ಸಿಕ್ಕ ಹೆಪ್ಪು ಸೂಕ್ಷ್ಮಜೀವಿಗಳಿಗೆ ಆಹಾರ.

ಮೂಲ ಎಂಟಿಎ ಗಟ್ಟಿಯಾಗಲು ಸುಮಾರು 2 ಗಂಟೆ 45 ನಿಮಿಷ ಬೇಕು. ಜೊತೆಗೆ ಎಕ್ಸ್-ರೇಯಲ್ಲಿ ಕಾಣಲೆಂದು ಬೆರೆಸಿದ ಬಿಸ್ಮತ್ ಆಕ್ಸೈಡ್, ಹೈಪೊಕ್ಲೋರೈಟಿನ ಸಂಪರ್ಕದಲ್ಲಿ ಕಪ್ಪಾಗುತ್ತದೆ. ಆದ್ದರಿಂದ ಮೊದಲು ಸಲೈನಿನಿಂದ ತೊಳೆಯಬೇಕು, ಮುಂದಿನ ಹಲ್ಲುಗಳಿಗಂತೂ ಬಿಸ್ಮತ್ ಇಲ್ಲದ ಸಿಮೆಂಟನ್ನೇ ಆರಿಸಬೇಕು. ಬಯೋಡೆಂಟೀನ್ ಅಂಥದ್ದು, ಅದರಲ್ಲಿ ಜಿರ್ಕೋನಿಯಂ ಆಕ್ಸೈಡ್ ಇದೆ. ಕ್ಯಾಪ್ಸೂಲನ್ನು ತಟ್ಟಿ ಪುಡಿ ಸಡಿಲಿಸಿ, 5 ಹನಿ ದ್ರವ ಹಾಕಿ, ಯಂತ್ರದಲ್ಲಿ 30 ಸೆಕೆಂಡ್ ಕಲಸಿದರೆ ಸುಮಾರು 12 ನಿಮಿಷದಲ್ಲಿ ಗಟ್ಟಿ. ಆ 12 ನಿಮಿಷ ಅದನ್ನು ಕೆರೆಯಬಾರದು, ನೀರು ಚಿಮ್ಮಿಸಬಾರದು. ಐದರ ಬದಲು ಆರು ಹನಿ ಬಿದ್ದರೂ ಸಿಮೆಂಟ್ ಸಡಿಲವಾಗುತ್ತದೆ.

ಹಂತ 7: ಅದೇ ದಿನ ಶಾಶ್ವತ ಮುಚ್ಚಳ

ಸಿಮೆಂಟಿನ ಮೇಲೆ ಲೈಟಿನಿಂದ ಗಟ್ಟಿಯಾಗುವ ಗ್ಲಾಸ್ ಅಯನೋಮರ್ ಸಿಮೆಂಟಿನ ತೆಳು ಪದರ, ಅದರ ಮೇಲೆ ಅಂಟಿಸಿದ ಕಾಂಪೋಸಿಟ್ (ಹಲ್ಲಿನ ಬಣ್ಣದ ಫಿಲ್ಲಿಂಗ್). ಒಳಗೆ ಎಷ್ಟೇ ಚೆನ್ನಾಗಿ ಮಾಡಿದ್ದರೂ ತಾತ್ಕಾಲಿಕ ಫಿಲ್ಲಿಂಗ್ ಹಾಕಿ 'ಮುಂದಿನ ತಿಂಗಳು ಬನ್ನಿ' ಎಂದರೆ ಅಂಚು ಸೋರುತ್ತದೆ, ತಿರುಳು ಸಾಯುತ್ತದೆ. ಸೋಲಿಗೆ ಕಾರಣ ಹುಡುಕಿದರೆ ಮತ್ತೆ ಮತ್ತೆ ಇಲ್ಲಿಗೇ ಬಂದು ನಿಲ್ಲುತ್ತೇವೆ. ದವಡೆ ಹಲ್ಲಿನ ಗೋಡೆಗಳು ತೆಳುವಾಗಿದ್ದರೆ ಆಮೇಲೆ ಆನ್‌ಲೇ (ಕಚ್ಚುವ ಮೇಲ್ಮೈಯನ್ನು ಮುಚ್ಚುವ ಅರೆ ಕ್ಯಾಪ್) ಅಥವಾ ಕ್ಯಾಪ್ ಕೂರಿಸಬೇಕು. ಕೊನೆಗೆ ಕಚ್ಚಿಸಿ ನೋಡಬೇಕು. ಎತ್ತರವಾದ ಫಿಲ್ಲಿಂಗಿನ ನೋವನ್ನು ತಿರುಳಿನ ನೋವೆಂದು ತಪ್ಪು ತಿಳಿದು ಬೇಡದ ರೂಟ್ ಕೆನಾಲ್ ಮಾಡುವುದುಂಟು.

ಮನೆಗೆ ಹೋದ ಮೇಲೆ

ಕೆಲವು ದಿನ ಸ್ವಲ್ಪ ಜುಂ ಎನ್ನುವುದು ಸಹಜ. ವೈದ್ಯರು ಹೇಳಿದ ಪ್ಯಾರಾಸಿಟಮಾಲ್ ಅಥವಾ ಐಬುಪ್ರೊಫೆನ್ ಸಾಕು, ಆಂಟಿಬಯಾಟಿಕ್ ಬೇಕಿಲ್ಲ. ದಿನದಿಂದ ದಿನಕ್ಕೆ ನೋವು ಏರಿದರೆ, ರಾತ್ರಿ ಎಬ್ಬಿಸಿದರೆ, ವಸಡು ಊದಿದರೆ ಕಾಯದೆ ಹೋಗಬೇಕು. ಲವಂಗದ ಎಣ್ಣೆ ಹಚ್ಚಬಾರದು: ತೆರೆದ ತಿರುಳಿಗೆ ಅದರ ಯೂಜೆನಾಲ್ ವಿಷದಂತೆ, ಕಾಂಪೋಸಿಟ್ ಗಟ್ಟಿಯಾಗುವುದಕ್ಕೂ ಅಡ್ಡಿ. ಆಸ್ಪಿರಿನ್ ಮಾತ್ರೆಯನ್ನು ಹಲ್ಲಿನ ಗುಳಿಗೆ ತುರುಕಿದರೆ ವಸಡು ಸುಡುತ್ತದೆ.

ನೋವಿಲ್ಲದಿದ್ದರೂ 6 ತಿಂಗಳಿಗೆ, 12 ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ನಾಲ್ಕು ವರ್ಷದವರೆಗೆ ತೋರಿಸಬೇಕು. ತಿರುಳು ನೋವಿಲ್ಲದೆಯೂ ಸಾಯಬಲ್ಲದು, ಅದು ಎಕ್ಸ್-ರೇಯಲ್ಲೇ ಗೊತ್ತಾಗುವುದು. ಪೂರ್ಣ ಪಲ್ಪಾಟಮಿ ಆದ ಹಲ್ಲು ಶೀತ ಪರೀಕ್ಷೆಗೆ ಉತ್ತರಿಸುವುದಿಲ್ಲ. ಅಷ್ಟರಿಂದ ಸತ್ತಿದೆ ಎನ್ನಲಾಗದು. ಅಲ್ಲಿ ನೋಡಬೇಕಾದ್ದು ಬೇರಿನ ತುದಿಯ ಮೂಳೆ.

ಬಿದ್ದು ಮುರಿದ ಮುಂದಿನ ಹಲ್ಲು

ಇದು ಅತ್ಯಂತ ಭರವಸೆಯ ಪ್ರಕರಣ. ಸ್ವೀಡನ್ನಿನ ಮಿಯೊಮಿರ್ ಸ್ವೆಕ್ 1978ರಲ್ಲಿ ಪೆಟ್ಟಿನಿಂದ ಮುರಿದ 60 ಹಲ್ಲುಗಳಿಗೆ ಭಾಗಶಃ ಪಲ್ಪಾಟಮಿ ಮಾಡಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಇಟ್ಟ ಫಲಿತಾಂಶ ಪ್ರಕಟಿಸಿದರು, 96% ಮಾಯ್ದಿದ್ದವು. ರಂಧ್ರಗಳು 0.5ರಿಂದ 4 ಮಿಲಿಮೀಟರ್ ಇದ್ದವು, ಕೆಲವರು ಬಹಳ ತಡವಾಗಿ ಬಂದಿದ್ದರು. ಆದರೆ ಡೆನ್ಮಾರ್ಕ್ ಮತ್ತು ಸ್ವೀಡನ್ನಿನಲ್ಲಿ ದೊಡ್ಡವರ ಆಳವಾದ ಹುಳುಕಿನ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕ್ಯಾಲ್ಸಿಯಂ ಹೈಡ್ರಾಕ್ಸೈಡಿನಿಂದಲೇ ಮುಚ್ಚಿದ ತೆರೆದ ತಿರುಳುಗಳಲ್ಲಿ ಒಂದು ವರ್ಷಕ್ಕೆ ಉಳಿದದ್ದು ಮೂರರಲ್ಲಿ ಒಂದು ಮಾತ್ರ. ವಯಸ್ಸಿನ ಪಾಲು ಇದ್ದರೂ ಮುಖ್ಯ ವ್ಯತ್ಯಾಸ ಸೋಂಕಿನದು: ಪೆಟ್ಟು ಬಿದ್ದ ಹಲ್ಲಿನ ತಿರುಳು ನಿನ್ನೆಯವರೆಗೂ ಆರೋಗ್ಯವಾಗಿತ್ತು, ಹುಳುಕಿನದು ತಿಂಗಳುಗಟ್ಟಲೆ ಸೂಕ್ಷ್ಮಜೀವಿಗಳೊಂದಿಗೆ ಸೆಣಸಿತ್ತು.

ಮುರಿದ ಚೂರು ಸಿಕ್ಕರೆ ನೀರಿನಲ್ಲೋ ಹಾಲಿನಲ್ಲೋ ಹಾಕಿ ಒಯ್ಯಿರಿ, ಮತ್ತೆ ಅಂಟಿಸಬಹುದು. ಚೂರು ಸಿಗದೆ ತುಟಿ ಸೀಳಿದ್ದರೆ, ತುಟಿಯೊಳಗೆ ಸಿಕ್ಕಿಕೊಂಡಿದೆಯೇ ಎಂದು ನೋಡಲು ವೈದ್ಯರಿಗೆ ಹೇಳಿ. ಗಾಯವನ್ನು ಮುಟ್ಟಬೇಡಿ, ಅರಿಶಿನ ಒತ್ತಬೇಡಿ. ಅದೇ ದಿನ ತೋರಿಸುವುದು ಒಳ್ಳೆಯದು, ಆದರೆ ಎರಡು ದಿನ ತಡವಾಯಿತೆಂದು ಆಸೆ ಬಿಡಬೇಕಿಲ್ಲ. ಮೇಲಿನ 2 ಮಿಲಿಮೀಟರ್ ತೆಗೆದರೆ ಕೆಳಗೆ ಸಾಮಾನ್ಯವಾಗಿ ಒಳ್ಳೆಯ ತಿರುಳೇ ಸಿಗುತ್ತದೆ.

ಹಾಲು ಹಲ್ಲುಗಳು

ಹುಳುಕಿನಿಂದ ತೆರೆದ ಹಾಲು ಹಲ್ಲಿಗೆ ರಂಧ್ರ ಮಾತ್ರ ಮುಚ್ಚುವುದು ನೆಚ್ಚುವಂಥದ್ದಲ್ಲ. ಪಲ್ಪಾಟಮಿ ಮಾಡಿ, ಎಂಟಿಎ ಅಥವಾ ಅಂಥದೇ ಸಿಮೆಂಟ್ ಇಟ್ಟು, ಮೇಲೆ ಸ್ಟೀಲ್ ಕ್ಯಾಪ್ ಕೂರಿಸುವುದು ಸರಿಯಾದ ದಾರಿ. ಫಾರ್ಮೋಕ್ರೆಸಾಲ್ ಹಚ್ಚುವ ಹಳೆಯ ವಿಧಾನ ಕೆಲವೆಡೆ ಇನ್ನೂ ಇದೆ. ಅದರಲ್ಲಿ ಫಾರ್ಮಾಲ್ಡಿಹೈಡ್ ಇರುವುದರಿಂದ ಸಿಮೆಂಟ್ ಸಿಗುವಾಗ ಅದನ್ನು ಬಳಸಲು ಕಾರಣವಿಲ್ಲ. ತಾನಾಗಿ ಬೀಳಲು ಕೆಲವೇ ತಿಂಗಳಿರುವ ಹಲ್ಲಿಗೆ ಇಷ್ಟೆಲ್ಲ ಮಾಡಬೇಕಿಲ್ಲ. ಆದರೆ ಆರು ವರ್ಷದ ಮಗುವಿನ ಎರಡನೆಯ ಹಾಲು ದವಡೆ ಹಲ್ಲು ಬೀಳುವುದು 10–12ರ ವಯಸ್ಸಿಗೆ. ಅದನ್ನು ಈಗಲೇ ಕಿತ್ತರೆ ಹಿಂದಿನ ಶಾಶ್ವತ ದವಡೆ ಹಲ್ಲು ಮುಂದಕ್ಕೆ ಜರುಗಿ, ಕೆಳಗಿನಿಂದ ಬರಬೇಕಾದ ಹಲ್ಲಿನ ಜಾಗ ಮುಚ್ಚಿಹೋಗುತ್ತದೆ.